ಕೆಳಗಿನ ಗಾದಿ

ಸೀರೆ ಅಂಗಡಿಯಲ್ಲಿ ನೌಕರಿ ಮಾಡುವ ಹೆಂಗಸಿನಷ್ಟು ಪುಣ್ಯವಂತೆ ಬೇರೆ ಯಾರೂ ಇಲ್ಲವೆಂದು ನಮ್ಮ ಬಳಗದವರ ನಂಬಿಕೆ. ಇಳಕಲ್ಲೇನು, ವಡಗಾವಿಯ ಮಗ್ಗದ ಸೀರೆಯೇನು, ದಿನವಿಡೀ ಎಲ್ಲವನ್ನೂ ಸವರುತ್ತ ಕೂತಿರುತ್ತೇನೆಂದು ಅವರು ತಿಳಿದಿದ್ದಾರೆ. ಕೇಳಲು ಹಿತವಾಗಿರುವುದರಿಂದ ನಾನೂ ತಿದ್ದಲು ಹೋಗಿಲ್ಲ. ನಿಜವೇನೆಂದರೆ, ರವಿವಾರ ಪೇಟೆಯ ಆ ಅಂಗಡಿಯಲ್ಲಿ ನಾನಿರುವುದು ಮಾಳಿಗೆಯ ಮೇಲಿನ ಆಡಳಿತ ವಿಭಾಗದಲ್ಲಿ. ಹೆಸರು ದೊಡ್ಡದು, ವಿಭಾಗವೆಂದರೆ ನಾನು, ಒಂದು ಕಂಪ್ಯೂಟರು ಮತ್ತು ಖಾಲಿ ರಟ್ಟಿನ ಪೆಟ್ಟಿಗೆಗಳ ರಾಶಿ. ನೌಕರರ ರಜೆ, ಪಗಾರ, ಕರೆಂಟು ಬಿಲ್ಲು, ಅಂಗಡಿಯ ಪರವಾನಗಿ, ಜನರೇಟರಿನ ಡೀಸೆಲ್, ಕುಡಿಯುವ ನೀರಿನ ಕ್ಯಾನು ಎಲ್ಲ ನನ್ನ ಪಾಲಿಗೆ. ಸೀರೆ ಮಾತ್ರ ಇಲ್ಲ. ಕೆಳಗೆ ಮಲ್ಲಪ್ಪ ಗಾದಿಯ ಮೇಲೆ ಕೂತು, ಗಿರಾಕಿಗಳ ಮುಂದೆ ಸೀರೆಯನ್ನು ಬೀಸಿ ಹಾಸುವ ಸಪ್ಪಳ ಮೆಟ್ಟಿಲೇರಿ ನನ್ನ ತನಕ ಬರುತ್ತದೆ. ಅದರ ಹಿಂದೆಯೇ, "ಅಯ್ಯ, ಎಷ್ಟ ಛಂದ ಐತಿ" ಎಂಬ ಹೆಂಗಸರ ದನಿ. ನನ್ನ ಡೀಸೆಲ್ ಬಿಲ್ಲು ನೋಡಿ ಈವರೆಗೆ ಯಾರೂ ಹಾಗೆ ಅಂದಿಲ್ಲ. ಊಟದ ಡಬ್ಬಿಯನ್ನು ನಾನು ಮೆಟ್ಟಿಲ ಹತ್ತಿರ ಬಿಚ್ಚುವುದು ಗಾಳಿಗಾಗಿ ಎಂದು ಎಲ್ಲರಿಗೂ ಹೇಳಿದ್ದೇನೆ.

ಹೋದ ವರ್ಷ ಖಾನಾಪುರದ ನನ್ನ ನಾದಿನಿ ಸುನಂದಾ, ಮಗಳ ಲಗ್ನದ ಸೀರೆ ಕೊಳ್ಳಲು ಬೀಗಿತಿಯನ್ನು ಕರೆದುಕೊಂಡು ಬೆಳಿಗ್ಗೆಯೇ ನಮ್ಮ ಅಂಗಡಿಗೆ ಬಂದಳು. ಬಂದವಳೇ ಮಾಲಕರಿಗೆ, "ನಮ್ಮ ವೈನೀನ ಸೀರಿ ತೋರಸಬೇಕ್ರಿ. ಅವರ ಕೈಲೇನ ಆಗಬೇಕು" ಅಂದಳು. ವೈನಿ ಎಂದರೆ ಅವಳ ಅತ್ತಿಗೆಯಾದ ನಾನು. ಮಾಲಕರು ನನ್ನನ್ನು ಕೆಳಗೆ ಕರೆಸಿ, "ಗಿರಿಜಾಬಾಯಿ, ಇವತ್ತೊಂದಿನ ನೀವ ಕುಂದರ್ರಿ" ಅಂದರು. ಮಲ್ಲಪ್ಪ ಸರಿದು ಜಾಗ ಬಿಟ್ಟ.

ಗಾದಿಯ ಮೇಲೆ ಕೂತು, ಕೆಂಪು ಅಂಚಿನ ಹಸಿರು ಸೀರೆಯೊಂದನ್ನು ತೆಗೆದು ಹಾಸಿದೆ. ಮಲ್ಲಪ್ಪ ಹಾಸಿದಾಗ ಬರುವ ಸಪ್ಪಳ ಬರಲಿಲ್ಲ. ಸೆರಗು ಮಾತ್ರ ತನ್ನಷ್ಟಕ್ಕೆ ಹರಡಿಕೊಂಡಿತು. ಬೀಗಿತಿ ಅದನ್ನು ಬೆರಳಲ್ಲಿ ಸವರಿ, "ಭಾಳ ಮೆತ್ತಗದ ಅಲ್ರಿ" ಎಂದರು. ಇಷ್ಟು ವರ್ಷ ಮೆಟ್ಟಿಲ ಬಳಿ ಕೂತು ಕಾದದ್ದು ಈ ಒಂದು ಮಾತಿಗೇ ಏನೋ ಅನ್ನಿಸಿ, ಸೆರಗನ್ನು ಅವರ ಕಡೆಗೆ ಇನ್ನಷ್ಟು ಸರಿಸಿದೆ.

ಅಷ್ಟರಲ್ಲಿ ಕರೆಂಟು ಹೋಯಿತು. ಜನರೇಟರು ಒಂದೆರಡು ಸಲ ಕೆಮ್ಮಿ ಸುಮ್ಮನಾಯಿತು. ಬೆಳಿಗ್ಗೆಯೇ ಡೀಸೆಲ್ ತರಿಸಬೇಕಾಗಿತ್ತು. ತರಿಸುವವಳು ಗಾದಿಯ ಮೇಲಿದ್ದಳು. "ಈಗ ಬಂದೆ" ಎಂದು ಎದ್ದು, ಅದರ ವ್ಯವಸ್ಥೆ ಮಾಡಿ ಬಂದೆ. ಸೆಕೆಗೆ ಸುನಂದಾ ನೀರು ಕೇಳಿದಳು. ಕ್ಯಾನು ಬರಿದಾಗಿತ್ತು. ನೀರಿನವನಿಗೆ ಫೋನು ಮಾಡಲು ಮೇಲೆ ಓಡಿದೆ. ಇಳಿಯುವಾಗ ಮೆಟ್ಟಿಲ ಮೇಲೆಯೇ ಕಸ ಗುಡಿಸುವ ರೇಣುಕಾ ಹಿಡಿದುಕೊಂಡು, ತನಗೆ ರಜೆ ಯಾಕೆ ಬೇಕೆಂಬುದನ್ನು ತವರುಮನೆಯ ಹಿರಿಯರಿಂದ ಶುರು ಮಾಡಿ ಹೇಳಿದಳು.

ಕೆಳಗೆ ಬರುವುದರಲ್ಲಿ ಮಲ್ಲಪ್ಪ ವ್ಯಾಪಾರ ಮುಗಿಸಿದ್ದ. "ದಾರಿ ನೋಡಿದ್ವಿರಿ ವೈನಿ. ರೈಲಿನ ಹೊತ್ತಾತು" ಎಂದಳು ಸುನಂದಾ. ಹಸಿರು ಸೀರೆ ಬಾಜೂಕ್ಕೆ ಬಿದ್ದಿತ್ತು.

"ಇದ ಮನಸಿಗೆ ಬರಲಿಲ್ಲೇನು?" ಎಂದು ಕೇಳಿದೆ.

"ಬಂದಿತ್ರಿ," ಎಂದರು ಬೀಗಿತಿ, "ಪೂರ್ತಿ ಬಿಚ್ಚಿ ತೋರಸಾಕ ನೀವ ಇರಲಿಲ್ಲಲ್ಲ."

ಅವರು ಹೋದ ಮೇಲೆ ಮಾಲಕರು ನನ್ನನ್ನು ಮನಸಾರೆ ಹೊಗಳಿದರು. "ಇವತ್ತ ಖರೇ ಗೊತ್ತಾತ ನೋಡ್ರಿ. ನೀವು ಮ್ಯಾಲಿದ್ರನ ಕೆಳಗ ಅಂಗಡಿ ನಡೀತೈತಿ. ಇನ್ನ ನಿಮ್ಮನ್ನ ಕೆಳಗ ಕರಿಯೂದಿಲ್ಲ." ಆಡಳಿತ ವಿಭಾಗಕ್ಕೆ ಇಂಥ ಗೌರವ ಹಿಂದೆಂದೂ ಸಿಕ್ಕಿರಲಿಲ್ಲ. ನನಗೋ ಅಳು ಬರುವಂತಾಗಿತ್ತು.

ಸಂಜೆ ಆ ಹಸಿರು ಸೀರೆಯನ್ನು ಮಡಚಲು ಕೂತೆ. ಮಡಿಕೆ ಸೊಟ್ಟಾಯಿತು. ಮಲ್ಲಪ್ಪ ನೋಡುವಷ್ಟು ನೋಡಿ, "ಬಿಡ್ರಿ ಅಕ್ಕಾರ, ನಾ ಮಡಚಿ ಇಡ್ತೀನಿ" ಎಂದ.

"ಇಡಬ್ಯಾಡಪ್ಪಾ, ಕಟ್ಟಿ ಕೊಡು" ಎಂದೆ.

ಅಂತೂ ನಾನೂ ಒಂದು ಸೀರೆ ಮಾರಿದ ಹಾಗಾಯಿತು. ಗಿರಾಕಿ ಒಳ್ಳೆಯವಳು, ಚೌಕಾಸಿ ಕೂಡ ಮಾಡಲಿಲ್ಲ.