ಎರಡು ಗಟ್ಟಿಮೇಳದ ಮದುವೆ

ಹುಣಸೂರಿನಲ್ಲಿ ಯಾವ ಚಟಕ್ಕೂ ಜೊತೆ ಸಿಗುತ್ತದೆ. ಇಸ್ಪೀಟಿಗೆ ಕೂತರೆ ಕೈ ಕಡಿಮೆ ಬೀಳುವುದಿಲ್ಲ. ಹೊಗೆಸೊಪ್ಪಿನ ಊರಾದ್ದರಿಂದ ಬೀಡಿ ಬಾಯಿಗಿಟ್ಟರೆ ಬೆಂಕಿ ಕೊಡುವವನೊಬ್ಬ, ಆ ಬೆಂಕಿಯನ್ನೇ ಮತ್ತೆ ಕೇಳುವವನೊಬ್ಬ ತಾನಾಗಿಯೇ ಬಂದು ನಿಲ್ಲುತ್ತಾನೆ. ರಾಜಕೀಯ ಮಾತಾಡುವ ಚಟವಿದ್ದರಂತೂ ಬಸ್ ಸ್ಟ್ಯಾಂಡಿನಿಂದ ಮನೆ ಸೇರುವುದೇ ಕಷ್ಟ. ಆದರೆ ಜಾಝ್ ಸಂಗೀತ ಕೇಳುವ ಚಟ ಅಂಟಿಸಿಕೊಂಡ ನನಗೆ ಈ ಊರಿನಲ್ಲಿ, ಊರೇನು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಲ್ಲ ಸೇರಿಸಿ ನಾಲ್ಕು ತಾಲ್ಲೂಕಿನಲ್ಲಿ, ಜೊತೆಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಇದನ್ನು ನಾನು ಅಳುತ್ತಾ ಹೇಳುತ್ತಿಲ್ಲ. ಒಂದು ಕಾಲದಲ್ಲಿ ಅಳುತ್ತಾ ಹೇಳುತ್ತಿದ್ದೆ, ಈಗ ಗೆದ್ದವನ ಠೀವಿಯಲ್ಲಿ ಹೇಳುತ್ತಿದ್ದೇನೆ. ಗೆದ್ದದ್ದು ಹೇಗೆಂದು ತಿಳಿಯಬೇಕಾದರೆ ನನ್ನ ಬಾಮೈದನ ಮಗಳ ಮದುವೆಗೆ ಹೋಗಬೇಕು. ಅದಕ್ಕೂ ಮೊದಲು ಒಂದು ಮುರಿದ ಕನ್ನಡಕದ ಸಂಗತಿ ಹೇಳಬೇಕು.

ನನ್ನದು ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕನ್ನಡಕದ ಅಂಗಡಿ. ಮಡಿಕೇರಿಗೆ ಹೋಗುವವರು ಕಾಫಿಗೆಂದು ಇಲ್ಲಿ ಇಳಿದು, ಕಾರಿನ ಸೀಟಿನ ಮೇಲಿಟ್ಟ ತಮ್ಮ ಕನ್ನಡಕದ ಮೇಲೆ ತಾವೇ ಕೂತು, ನನ್ನ ಹತ್ತಿರ ಬರುವುದುಂಟು. ಹಾಗೆ ಬಂದ ಕೊಡಗಿನ ಒಬ್ಬ ತೋಟದ ಯಜಮಾನರ ಕನ್ನಡಕಕ್ಕೆ ನಾನು ಕಾಲು ಕೂರಿಸುತ್ತಿದ್ದಾಗ ಅವರ ಕಾರಿನಿಂದ ಏನೋ ಕೇಳಿಸುತ್ತಿತ್ತು. ಸ್ಯಾಕ್ಸೋಫೋನು. ಸ್ಯಾಕ್ಸೋಫೋನ್ ನಮಗೇನು ಹೊಸದಲ್ಲ, ನಮ್ಮ ಕಡೆಯ ವಾಲಗದವರೆಲ್ಲ ಈಗ ಅದನ್ನೇ ಊದುತ್ತಾರೆ. ಆದರೆ ಇದು ಸಭ್ಯ ಮನುಷ್ಯನೊಬ್ಬ ಇದ್ದಕ್ಕಿದ್ದಂತೆ ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳಿಬಿಟ್ಟ ಹಾಗಿತ್ತು. ನಾನು ಕೈಲಿದ್ದ ಸ್ಕ್ರೂ ಕೆಳಗೆ ಬೀಳಿಸಿದೆ. ಯಜಮಾನರು ನಕ್ಕು, ಆ ಇಡೀ ಆಲ್ಬಮ್ಮನ್ನು ನನ್ನ ಫೋನಿಗೆ ಹಾಕಿಕೊಟ್ಟರು. ‘ಊದ್ತಿರೋದು ಒಂದು ಹೆಣ್ಣುಮಗಳು. ಟ್ಯೂನೆಲ್ಲ ಅವಳದೇ, ಸ್ವಂತ ರಚನೆ’ ಎಂದರು. ಅವತ್ತಿನಿಂದ ನಾನು ಕೆಟ್ಟೆ. ಒಬ್ಬಳಿಂದ ಶುರುವಾದದ್ದು ಪಿಯಾನೋದವನು, ಡ್ರಮ್ಮಿನವಳು, ಆಳೆತ್ತರದ ಬೇಸ್ ಪಿಟೀಲನ್ನು ತಬ್ಬಿಕೊಂಡು ನುಡಿಸುವವನು ಅಂತ ಬೆಳೆಯಿತು. ಎಲ್ಲರೂ ಈಗಿನ ಕಾಲದವರು, ಕೈಯಲ್ಲಿ ಅಸಾಧ್ಯ ಚಳಕ ಇರುವವರು, ಇನ್ನೊಬ್ಬರ ಟ್ಯೂನು ಮುಟ್ಟದವರು.

ಜಾಝ್ ಅಂದರೆ ದೊಡ್ಡ ಬ್ರಹ್ಮವಿದ್ಯೆಯೇನಲ್ಲ. ನಮ್ಮೂರ ಅರಳಿಕಟ್ಟೆಯ ಮಾತಿನ ಹಾಗೆ. ಒಬ್ಬ ‘ಲಕ್ಷ್ಮಣತೀರ್ಥ ಹೊಳೇಲಿ ನೀರು ಬಂತಂತೆ’ ಅನ್ನುತ್ತಾನೆ. ಎಲ್ಲರೂ ಹೌದಂತೆ, ಹೌದಂತೆ ಅನ್ನುತ್ತಾರೆ. ಆಮೇಲೆ ಒಬ್ಬ ತನ್ನ ತಾತನ ಕಾಲದ ಪ್ರವಾಹಕ್ಕೆ ಹೋಗುತ್ತಾನೆ, ಇನ್ನೊಬ್ಬ ಅಲ್ಲಿಂದ ತನ್ನ ಕಳೆದುಹೋದ ಎಮ್ಮೆಗೆ ಹೋಗುತ್ತಾನೆ, ಮೂರನೆಯವನು ಎಮ್ಮೆಯ ಮೇಲೆ ಹತ್ತಿ ಎಲ್ಲಿಗೋ ಹೋಗುತ್ತಾನೆ. ಕೊನೆಗೆ ಕತ್ತಲಾಗುವ ಹೊತ್ತಿಗೆ ಮೊದಲಿನವನು ‘ಒಟ್ಟಿನಲ್ಲಿ ನೀರು ಬಂತು’ ಅಂದಾಗ ಎಲ್ಲರೂ ಪಂಚೆ ಕೊಡವಿಕೊಂಡು ಏಳುತ್ತಾರೆ. ಇಷ್ಟನ್ನು ನಾನು ಕಂಡಕಂಡವರಿಗೆಲ್ಲ ವಿವರಿಸಿದೆ. ಕಣ್ಣು ಪರೀಕ್ಷೆಗೆ ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ತಪ್ಪಿಸಿಕೊಳ್ಳದಂತೆ ಮೂಗಿನ ಮೇಲೆ ಕಬ್ಬಿಣದ ಚೌಕಟ್ಟು ಇಟ್ಟು, ಆಲ್ಬಮ್ ಹಾಕಿದೆ. ಬೇಸಿನವನು ತನ್ನ ಸರದಿ ಶುರುಮಾಡಿದಾಗ ಒಬ್ಬ ಹಿರಿಯರು, ‘ಪಕ್ಕದಂಗ್ಡೀಲಿ ಗೋಡೆ ಒಡೀತಾವ್ರಾ?’ ಎಂದು ಕೇಳಿದರು. ಕಟ್ಟೆಮಳಲವಾಡಿಯ ಸಿದ್ದರಾಜು ನಮ್ಮ ಸೀಮೆಯಲ್ಲೇ ಹೆಸರಾದ ವಾಲಗದವನು, ಸ್ವತಃ ಸ್ಯಾಕ್ಸೋಫೋನ್ ಊದುವವನು, ತನ್ನ ಸಮ ಯಾರೂ ಇಲ್ಲವೆಂದು ಮೀಸೆ ತಿರುವುವವನು. ಅವನಾದರೂ ಮೆಚ್ಚಿಯಾನು ಎಂದು ಕೇಳಿಸಿದೆ. ಅವನು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿ, ‘ಇನ್ನೂ ಸ್ರುತಿ ಮಾಡ್ಕತಾವ್ರೆ ಸಾ. ಸುರು ಆದ್ಮೇಲೆ ಯೋಳಿ, ಬತ್ತೀನಿ’ ಎಂದು ಎದ್ದು ಹೋದ.

ಇವರೆಲ್ಲ ಹಾಳಾಗಲಿ, ನನಗೆ ಬೇಕಾಗಿದ್ದದ್ದು ಕಮಲ ಒಬ್ಬಳು. ಕಮಲ ನನ್ನ ಹೆಂಡತಿ. ಅವಳು ನನ್ನ ಪಕ್ಕ ಕೂತು ಒಂದೇ ಒಂದು ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ಕೇಳಿಬಿಟ್ಟರೆ ಜನ್ಮ ಸಾರ್ಥಕ ಅಂದುಕೊಂಡಿದ್ದೆ. ಸುಂದರವಾದದ್ದನ್ನು ಒಬ್ಬನೇ ಕೇಳುವುದು ನಿಜಕ್ಕೂ ಸಂಕಟ. ‘ಆಹಾ, ಇಲ್ಲಿ ಕೇಳು’ ಅನ್ನಲು ಪಕ್ಕದಲ್ಲಿ ಒಂದು ಕಿವಿ ಬೇಕು. ಕಮಲಳೂ ಪ್ರಯತ್ನಪಟ್ಟಳು, ಇಲ್ಲವೆನ್ನಲಾರೆ. ಅವರೆಕಾಯಿ ಸುಲಿಯುತ್ತಾ ಕೂತು, ಕಾಯಿಯೆಲ್ಲ ಮುಗಿದ ಮೇಲೆ ಕೇಳಿದಳು:

‘ರೀ, ಇದ್ರಲ್ಲಿ ಪದ ಯಾವಾಗ ಬತ್ತದೆ?’

‘ಇದೇ ಕಣೇ ಪದ! ಅವಳದೇ ಸ್ವಂತ ರಚನೆ.’

‘ಸ್ವಂತದ್ದಾದ್ರೆ ಸ್ವಂತಕ್ಕೇ ಮಡಿಕಬೇಕಾಗಿತ್ತು. ಊರೋರ್ಗೆಲ್ಲ ಯಾಕ್ ಅಂಚಕೋದ್ಳು?’

ಅವತ್ತಿನಿಂದ ಮನೆಯಲ್ಲಿ ಜಾಝ್ ಕಿವಿಯ ವೈರಿನೊಳಗೆ ಮಾತ್ರ ಎಂದು ತೀರ್ಮಾನವಾಯಿತು. ನಾನು ಕಿವಿಗೆ ವೈರು ಸಿಕ್ಕಿಸಿಕೊಂಡು ಒಬ್ಬನೇ ತಲೆ ಆಡಿಸುತ್ತಾ ಕೂತಿರುತ್ತಿದ್ದೆ. ಬಂದ ನೆಂಟರಿಗೆ ಕಮಲ, ‘ಕತ್ತು ನೋವು ಅವ್ರಿಗೆ’ ಎಂದು ಹೇಳಿ ಸುಧಾರಿಸುತ್ತಿದ್ದಳು.

ಹೀಗಿರುವಾಗ ಕಮಲಳ ತಮ್ಮ ಪುಟ್ಟಸ್ವಾಮಿಯ ಮಗಳಿಗೆ ಪಿರಿಯಾಪಟ್ಟಣದ ಛತ್ರದಲ್ಲಿ ಮದುವೆ. ವಾಲಗಕ್ಕೆ ಸಿದ್ದರಾಜುವಿನ ಸೆಟ್ಟೇ ಗೊತ್ತಾಗಿತ್ತು. ಬೆಳಿಗ್ಗೆ ತಿಂಡಿಯಾಯಿತು, ಛತ್ರ ತುಂಬಿತು, ಗಂಡನ್ನು ಹಸೆಮಣೆಯ ಮೇಲೆ ಕೂರಿಸಿದರು, ವಾಲಗದವರ ಸುಳಿವಿಲ್ಲ. ಪುಟ್ಟಸ್ವಾಮಿ ಬೆವರು ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಬಂದ.

‘ಭಾವ, ಸಿದ್ದರಾಜು ಕಾಕನಕೋಟೆ ಕಾಡ್ ತಾವ ಸಿಕ್ಕಾಕ್ಕಂಡವ್ನೆ. ಕಾಡಿನಾಚೆ ನೆನ್ನೆ ಯಾವ್ದೋ ಮದ್ವೆ ಮುಗಿಸ್ಕಂಡು ಬತ್ತಾ ಇದ್ನಂತೆ, ರೋಡಿಗಡ್ಡ ಆನೆ ನಿಂತದಂತೆ.’

‘ಓಡಿಸಬಾರದಾ?’

‘ಆನೆಯಾ? ತಮಾಸೆ ಬುಡಿ. ಇಲ್ಲಿ ನೋಡುದ್ರೆ ಬೀಗ್ರು ವಾಲಗ ಎಲ್ಲಿ ವಾಲಗ ಎಲ್ಲಿ ಅಂತಾವ್ರೆ. ಸಿನಿಮಾ ಪದ ಆಕಿದ್ರೆ ಎದ್ದೋಯ್ತೀನಿ ಅಂತ ಅವ್ವ ಕೂತವ್ಳೆ. ನಿಮ್ ಫೋನಲ್ಲಿ ಯಾವಾಗ್ಲೂ ಕುಯ್ಯೋ ಅಂತಿರ್ತದಲ್ಲ ಸ್ಯಾಕ್ಸೋಫೋನು, ಅದ್ನೇ ಆಕುಬುಡಿ ಭಾವ!’

ನಾಲ್ಕು ತಾಲ್ಲೂಕಿನ ನೆಂಟರು, ಛತ್ರದ ನಾಲ್ಕು ಮೂಲೆಗೂ ಸ್ಪೀಕರು, ಎದ್ದು ಹೋಗಲಾಗದ ಜನ! ದೂರದಿಂದ ಕಮಲ ಬೇಡ ಎಂದು ಕಣ್ಣಲ್ಲೇ ಹೇಳಿದಳು. ನಾನು ಕಾಣದವನಂತೆ ಹೋಗಿ ಸ್ಟೇಜಿನ ಪಕ್ಕದ ಮೈಕ್ ಸೆಟ್ಟಿಗೆ ಫೋನ್ ಸಿಕ್ಕಿಸಿ, ಆ ಹೆಣ್ಣುಮಗಳ ಆಲ್ಬಮ್ಮನ್ನೇ ಹಾಕಿದೆ.

ಮೊದಲನೆಯದು ನಿಧಾನದ ಟ್ಯೂನು. ಸೊಗಸಾಗಿ ಹೋಯಿತು. ಮುಂದಿನ ಸಾಲಿನ ಹಿರಿಯರು ‘ಆಲಾಪ್ನೆ ಮಾಡ್ತಾವ್ರೆ’ ಎಂದು ತಲೆದೂಗಿದರು. ನನ್ನ ಅತ್ತೆ, ಅಂದರೆ ಮದುವೆ ಹೆಣ್ಣಿನ ಅಜ್ಜಿ, ಎಲೆಅಡಿಕೆ ಮೆಲ್ಲುವುದನ್ನು ನಿಲ್ಲಿಸಿದರು. ಅಕ್ಷತೆಯ ತಟ್ಟೆ ಬಂತು, ಎಲ್ಲರೂ ಒಂದೊಂದು ಹಿಡಿ ಅಕ್ಷತೆ ಮುಷ್ಟಿಯಲ್ಲಿ ಹಿಡಿದು ಕೂತರು. ನಾನು ಗೋಡೆಗೊರಗಿ ನಿಂತು, ಇನ್ನು ಮುಂದೆ ಎಲ್ಲ ಮದುವೆಗಳಿಗೂ ನನ್ನನ್ನೇ ಕರೆಯುತ್ತಾರೆ ಎಂದು ಯೋಚಿಸುತ್ತಿದ್ದೆ.

ಆಮೇಲೆ ಎರಡನೆಯದು ಬಂತು. ಆ ಟ್ಯೂನಿನ ನಡುವೆ ಒಂದು ಕಡೆ ಸ್ಯಾಕ್ಸೋಫೋನು, ಪಿಯಾನೋ, ಬೇಸು, ಡ್ರಮ್ಮು ನಾಲ್ಕೂ ಕಟ್ಟು ಬಿಚ್ಚಿಕೊಂಡು ಒಟ್ಟಿಗೇ ಸಿಡಿಯುತ್ತವೆ. ಜಾಝ್ ಬಲ್ಲವನಿಗೆ ರೋಮಾಂಚನವಾಗುವ ಜಾಗ ಅದು. ಆದರೆ ನಮ್ಮ ಕಡೆಯ ಮದುವೆಮನೆಯಲ್ಲಿ ಎಲ್ಲ ವಾದ್ಯವೂ ಒಮ್ಮೆಗೇ ಸಿಡಿದರೆ ಅದಕ್ಕೆ ಒಂದೇ ಅರ್ಥ: ಗಟ್ಟಿಮೇಳ. ಅಂದರೆ ಪುರೋಹಿತರು ಬೆರಳೆತ್ತಿದರು, ತಾಳಿ ಕಟ್ಟಿದ್ದಾಯಿತು, ಅಕ್ಷತೆ ಹಾಕು, ಊಟಕ್ಕೆ ಓಡು. ಹಸೆಮಣೆಯ ಮುಂದೆ ವಿಡಿಯೋದವರು ಗೋಡೆ ಕಟ್ಟಿದಂತೆ ನಿಂತಿರುವುದರಿಂದ ಹಿಂದೆ ಕೂತವರಿಗೆ ತಾಳಿ ಕಾಣುವುದಿಲ್ಲ, ಅವರು ಕಿವಿಯನ್ನೇ ನಂಬಿ ಬದುಕುವವರು. ಡ್ರಮ್ಮು ಸಿಡಿದದ್ದೇ ತಡ, ಇಡೀ ಛತ್ರ ಎದ್ದಿತು. ಅಕ್ಷತೆ ಮಳೆ ಸುರಿದಂತೆ ಸುರಿಯಿತು. ಹೆಣ್ಣು ಇನ್ನೂ ತನ್ನ ಕೋಣೆಯಲ್ಲಿ ಜಡೆ ಹೆಣೆಸಿಕೊಳ್ಳುತ್ತಿದ್ದಳು. ಗಂಡು ಒಬ್ಬನೇ ಕೂತು ಕೈಮುಗಿದು ಆಶೀರ್ವಾದ ತೆಗೆದುಕೊಂಡ. ಬಾಯಿಗೆ ಬಿದ್ದ ಅಕ್ಕಿ ಉಗುಳುತ್ತಾ ಪುರೋಹಿತರು ಎದ್ದು ನಿಂತು, ‘ಯಾರ್ರೀ ಗಟ್ಟಿಮೇಳ ಅಂದಿದ್ದು? ನಾನಿನ್ನೂ ಗಣಪತಿ ಪೂಜೇಲಿದ್ದೀನಿ!’ ಎಂದು ಕೂಗಿದರು. ಕೇಳಲು ಜನ ಎಲ್ಲಿ? ಅರ್ಧ ಛತ್ರ ಊಟದ ಮನೆಯಲ್ಲಿ ಸೀಟು ಹಿಡಿದಾಗಿತ್ತು.

ಫೋನ್ ಆರಿಸೋಣವೆಂದು ಓಡಿದೆ. ಊಟಕ್ಕೆ ಹೊರಟ ಜನರ ಎದುರು ನಡೆಯಲು ಪ್ರಯತ್ನಿಸಿದವರಿಗೆ ನನ್ನ ಸ್ಥಿತಿ ಗೊತ್ತು. ಅವರು ನನ್ನನ್ನು ಬಾಗಿಲವರೆಗೆ ಹಿಂದಕ್ಕೆ ಹೊತ್ತೊಯ್ದು ಬಿಟ್ಟರು. ಅಲ್ಲಿಂದ ಕಮಲ ಕಾಣಿಸಿದಳು. ಹತ್ತಾರು ನೆಂಟರು ಅವಳನ್ನು ಸುತ್ತುವರಿದಿದ್ದರು. ಅವಳ ತವರಿನ ಮದುವೆ, ಅವಳ ತಮ್ಮನ ಮರ್ಯಾದೆ, ಎಲ್ಲ ನನ್ನ ಕೈಯಾರೆ ಮಣ್ಣುಪಾಲು. ಅವಳು ನನ್ನ ಕಡೆ ನೋಡಿದ ನೋಟಕ್ಕೆ, ಕಾಕನಕೋಟೆಯ ಆನೆಯ ಮುಂದೆ ಹೋಗಿ ನಿಲ್ಲುವುದೇ ಮೇಲು ಅನ್ನಿಸಿತು.

ಆನೆ ಯಾವಾಗಲೋ ದಾರಿ ಬಿಟ್ಟಿರಬೇಕು, ಸರಿಯಾಗಿ ಆ ಹೊತ್ತಿಗೆ ಬಾಗಿಲಲ್ಲಿ ವ್ಯಾನು ನಿಂತು ಸಿದ್ದರಾಜು ಇಳಿದ. ಒಳಗಿನಿಂದ ಸ್ಯಾಕ್ಸೋಫೋನ್ ಕೇಳಿಸುತ್ತಿದೆ. ಅವನ ಮೀಸೆ ನೆಟ್ಟಗಾಯಿತು.

‘ಯಾವನ್ಲಾ ಅವ್ನು, ನಾನ್ ಒಪ್ಕಂಡಿರೋ ಮದ್ವೇಲಿ ಊದ್ತಾ ಇರೋನು?’

ಆನೆ ಅಡ್ಡ ನಿಂತಿತ್ತೆಂದು ಬೇರೆ ಸೆಟ್ಟು ಕರೆಸಿಬಿಟ್ಟಿದ್ದಾರೆ ಎಂದೇ ಅವನು ತಿಳಿದ. ವಿವರಿಸಲು ನಾನು ಬಾಯಿ ತೆರೆಯುವುದರೊಳಗೆ ಪೆಟ್ಟಿಗೆಯಿಂದ ವಾದ್ಯ ತೆಗೆದು, ನಡೆಯುತ್ತಲೇ ಊದಲು ಶುರುಮಾಡಿದ. ಹಿಂದೆಯೇ ಅವನ ಡೋಲಿನವನೂ ಸೇರಿಕೊಂಡ. ಆಲ್ಬಮ್ಮಿನವಳು ಸ್ಪೀಕರಿನಲ್ಲಿ ಒಂದು ಮಾತು ಹೇಳಿದರೆ ಇವನು ಅದಕ್ಕೆ ಎರಡು ಹೇಳಿದ. ಅವಳು ಮೇಲಕ್ಕೇರಿದರೆ ಇವನು ಕೆನ್ನೆ ಉಬ್ಬಿಸಿ ಅದಕ್ಕೂ ಮೇಲೆ. ನಡುವೆ ಡ್ರಮ್ಮಿನ ಸರದಿ ಬಂದು ಅವಳು ಸುಮ್ಮನಾದಾಗ, ಎದುರಾಳಿ ಸೋತನೆಂದು ಸಿದ್ದರಾಜು ಛತ್ರದ ನಡುವೆ ನಿಂತು ಮೆರೆದ ಪರಿ ಹೇಳತೀರದು. ಅಷ್ಟರಲ್ಲಿ ಅವಳು ಮತ್ತೆ ಬಂದಳು. ಇವನು ಮತ್ತೆ ಬೆನ್ನು ಹತ್ತಿದ. ಅತ್ತ ಅಡುಗೆಯ ಭಟ್ಟರು ‘ಸಾರು ಕುದೀತಾ ಅದೆ, ಯಾರ್ ನಿಮ್ಮನ್ನ ಕಳ್ಸಿದ್ದು?’ ಎಂದು ಗದರಿ ಅಟ್ಟಿದ ಜನ ವಾಪಸ್ ಬಂದು, ನಿಂತಲ್ಲೇ ನಿಂತು ಕೇಳತೊಡಗಿದರು.

ಕೊನೆಗೆ ಆ ಟ್ಯೂನು ಮೊದಲು ಹೊರಟ ಜಾಗಕ್ಕೆ ಮೆಲ್ಲಗೆ ತಿರುಗಿತು. ಸಿದ್ದರಾಜುವಿಗೆ ಏನನ್ನಿಸಿತೋ, ಜಗಳ ಬಿಟ್ಟು ಅವಳ ಜೊತೆಗೇ ಅದನ್ನು ಊದಿದ. ಎಲ್ಲೋ ಸಮುದ್ರದಾಚೆಯ ಅವಳೂ ಕಟ್ಟೆಮಳಲವಾಡಿಯ ಇವನೂ ಒಂದೇ ಉಸಿರಿನಲ್ಲಿ ಮುಗಿಸಿದರು. ನನ್ನ ಕಣ್ಣು ತುಂಬಿಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಯಾವಾಗಲೋ ನನ್ನ ಪಕ್ಕ ಬಂದು ನಿಂತಿದ್ದ ಕಮಲ ನನ್ನ ತೋಳು ಹಿಡಿದು, ‘ಮೊದ್ಲು ಬಂದಿತ್ತಲ್ಲ, ಅದೇ ವಾಪಸ್ ಬಂತು ಕಣ್ರೀ!’ ಎಂದಳು.

ಆಮೇಲೆ ಹೆಣ್ಣು ಬಂದಳು. ಅಡುಗೆಮನೆಯಿಂದ ಹೊಸದಾಗಿ ಅಕ್ಕಿ ತಂದು ಅರಿಶಿನ ಕಲೆಸಿದರು. ಪುರೋಹಿತರು ಈ ಸಲ ಎರಡೂ ಕೈ ಎತ್ತಿ, ‘ಈಗ! ಈಗ ನಿಜವಾದದ್ದು!’ ಎಂದು ಕೂಗಿದರು. ಒಂದು ಸಲ ಊಟದ ಮನೆ ನೋಡಿ ಬಂದಿದ್ದ ಜನರಿಗೆ ಓಡುವ ಆತುರವಿರಲಿಲ್ಲ. ಜೀವಮಾನದಲ್ಲೇ ಮೊದಲ ಬಾರಿಗೆ ತಾಳಿ ಕಟ್ಟುವುದನ್ನು ನಿಂತು ನೋಡಿದೆವು ಎಂದು ಎಷ್ಟೋ ಜನ ಹೇಳಿದರು. ನಾನು ಅತ್ತೆಯ ಕಾಲಿಗೆ ಬೀಳಲು ಅಂಜುತ್ತಾ ಹೋದೆ. ಅವರು ನನ್ನ ತಲೆ ಸವರಿ, ‘ಎಲ್ಡು ಗಟ್ಟಿಮೇಳ ಆಯ್ತು ಕಣಪ್ಪ ನಮ್ ಕೂಸ್ಗೆ! ಯಾರ್ಗುಂಟು ಈ ಬಾಗ್ಯ?’ ಎಂದರು. ಅಜ್ಜಿಯ ಬಾಯಿಂದ ಬಂದ ಮೇಲೆ ಮುಗಿಯಿತು. ಬೀಗರು ತಮ್ಮ ಊರಿಗೆ ಹೋಗಿ ಅದನ್ನೇ ಹೇಳಿಕೊಂಡು ಬೀಗಿದರು.

ಈಗ ನಮ್ಮ ಕಡೆ ಸ್ವಲ್ಪ ಅನುಕೂಲಸ್ಥರ ಮದುವೆ ಎಂದರೆ ಎರಡು ಗಟ್ಟಿಮೇಳ ಇರಲೇಬೇಕು. ಮೊದಲನೆಯದನ್ನು ಸಿದ್ದರಾಜು ಮುಹೂರ್ತಕ್ಕೆ ಮುಂಚೆ ನುಡಿಸುತ್ತಾನೆ, ಅದೂ ತಾನೇ ಕಟ್ಟಿದ ಟ್ಯೂನು. ಅಂಗಡಿಗೆ ಬಂದು ಆಲ್ಬಮ್ ಕೇಳಿ, ‘ಪರವಾಗಿಲ್ಲ, ಅವ್ಳೂ ಊದ್ತಾಳೆ’ ಎಂದು ಒಪ್ಪಿಕೊಂಡು ಹೋಗುತ್ತಾನೆ. ಕಮಲ ಅಡುಗೆಮನೆಯಲ್ಲಿ ಆಲ್ಬಮ್ ಹಾಕಿಕೊಂಡೇ ಒಗ್ಗರಣೆ ಹಾಕುತ್ತಾಳೆ. ಕಿವಿಯ ವೈರು ಎಲ್ಲಿದೆಯೋ ನನಗೇ ಗೊತ್ತಿಲ್ಲ. ನಾಲ್ಕು ತಾಲ್ಲೂಕಿಗೆ ಜಾಝ್ ತಂದ ಭಗೀರಥ ನಾನು ಎಂದು ಯಾರಾದರೂ ಕರೆಯಲಿ ಎಂದು ಕಾದಿದ್ದೆ. ಯಾರೂ ಕರೆಯದ್ದರಿಂದ ನಾನೇ ಅಲ್ಲಲ್ಲಿ ಹೇಳಿಕೊಳ್ಳುತ್ತಿದ್ದೇನೆ.

ಮೊನ್ನೆ ಕೆ.ಆರ್. ನಗರದಲ್ಲಿ ಒಂದು ಮದುವೆ. ಸಿದ್ದರಾಜುವಿನದೇ ವಾಲಗ. ನಾನು ಪಕ್ಕದಲ್ಲಿ ಕೂತವರಿಗೆ ಸ್ವಂತ ರಚನೆಯ ಮಹತ್ವವನ್ನು, ಸರದಿಯನ್ನು, ಟ್ಯೂನು ಮನೆಗೆ ಮರಳುವ ಬಗೆಯನ್ನು ವಿವರಿಸುತ್ತಿದ್ದೆ. ಬೆಳಿಗ್ಗೆ ತಿಂಡಿ ತಪ್ಪಿತ್ತು, ಊಟದ ಮನೆಯಿಂದ ತುಪ್ಪದ ವಾಸನೆ ಬರುತ್ತಿತ್ತು. ಇದ್ದಕ್ಕಿದ್ದಂತೆ ಡೋಲು, ಸ್ಯಾಕ್ಸೋಫೋನು ಎಲ್ಲವೂ ಒಟ್ಟಿಗೇ ಸಿಡಿದವು. ನನ್ನ ಕೈ ತಾನಾಗಿಯೇ ಬಿಚ್ಚಿಕೊಂಡಿತು, ಅಕ್ಷತೆ ಮುಂದಿನವರ ಬೋಳುತಲೆಯ ಮೇಲೆ ಬಿತ್ತು. ಕಾಲು ತಾನಾಗಿಯೇ ಓಡಿತು. ಫ್ಯಾನಿನ ಕೆಳಗಿನ ಒಳ್ಳೆಯ ಸೀಟು ಹಿಡಿದು ಕೂತು ನೋಡುತ್ತೇನೆ, ಇಡೀ ಊಟದ ಮನೆಯಲ್ಲಿ ನಾನೊಬ್ಬನೇ. ಎಲೆ ಕೂಡ ಹಾಕಿರಲಿಲ್ಲ.

ತಲೆ ತಗ್ಗಿಸಿಕೊಂಡು ವಾಪಸ್ ಬಂದೆ. ಛತ್ರವೆಲ್ಲ ಸದ್ದಿಲ್ಲದೆ ಕೂತು ಕೇಳುತ್ತಿತ್ತು. ಕಮಲ ಮುಷ್ಟಿ ಬಿಗಿಹಿಡಿದು, ಸಿದ್ದರಾಜುವಿನ ಮೇಲಿನ ಕಣ್ಣು ಕದಲಿಸದೆ, ಪಿಸುದನಿಯಲ್ಲಿ ಹೇಳಿದಳು:

‘ಸದ್ದು ಮಾಡ್ದೆ ಕೂತ್ಕಳಿ. ಇನ್ನೂ ಪದ ವಾಪಸ್ ಬಂದಿಲ್ಲ. ಅವ್ರ ಸ್ವಂತದ್ದು.’

ಕೂತೆ. ಅವಳು ತನ್ನ ಮುಷ್ಟಿಯಲ್ಲಿದ್ದ ಅಕ್ಷತೆಯಲ್ಲಿ ಅರ್ಧವನ್ನು ನನ್ನ ಅಂಗೈಗೆ ಸುರಿದು, ನಾನು ಮತ್ತೆ ಎರಚಿಬಿಡದಂತೆ ಬೆರಳುಗಳನ್ನು ತಾನೇ ಮಡಿಸಿ ಹಿಡಿದುಕೊಂಡಳು.