ಲಸಿಕೆಯ ನಂತರದ ತಲೆಸುತ್ತನ್ನು ಶಿಸ್ತಿಗೆ ಒಳಪಡಿಸುವ ಬಗ್ಗೆ

ದಳದ ಆಡಳಿತ ಕಚೇರಿ
ಸುತ್ತೋಲೆ ಸಂಖ್ಯೆ: ಆಡಳಿತ/ಲಸಿಕೆ/ತಸು/11 (ಹಿಂದಿನ ಹತ್ತನ್ನು ಯಾರೂ ಓದಿದಂತೆ ಕಂಡುಬರುವುದಿಲ್ಲ)

ವಿಷಯ: ಕೋವಿಡ್ ಲಸಿಕೆ ಪಡೆದ ಸೈನಿಕರು ಹಾಗೂ ಅವರ ಕುಟುಂಬದವರು ವೀಕ್ಷಣಾ ಬೆಂಚಿನಿಂದ ಏಳದೇ ಇರುವ ಕುರಿತು.

ಉಲ್ಲೇಖ:
1. ತೋಳು ಮಡಚುವ ವಿಧಾನ ಕುರಿತ ಇದೇ ಕಚೇರಿಯ ಸುತ್ತೋಲೆ.
2. ದಾದಿಯವರ ಮೌಖಿಕ ದೂರು ಹಾಗೂ ತದನಂತರ ಅವರೇ ಅದನ್ನು ಹಿಂಪಡೆದದ್ದು.
3. ಕ್ಷೌರಿಕನ ಲಿಖಿತ ಸಮಜಾಯಿಷಿ.

ಪ್ರಸ್ತಾವನೆ:

ಸೋಂಕು ಹರಡದಿರಲೆಂದು ಶಿಬಿರಕ್ಕೂ ಕುಟುಂಬಗಳ ವಸತಿಗೃಹಗಳಿಗೂ ನಡುವಿನ ಗೇಟನ್ನು ಬಹುಕಾಲದಿಂದ ಮುಚ್ಚಲಾಗಿದೆ. ಎರಡೂ ಕಡೆಯವರಿಗೆ ಗೇಟಿನ ಪಕ್ಕದ ಕವಾಯತು ಶೆಡ್ಡಿನಲ್ಲಿ ಲಸಿಕೆ ಹಾಕಲಾಗುತ್ತಿದೆ. ದಾದಿ ಒಬ್ಬರೇ ಇರುವುದರಿಂದ, ಚುಚ್ಚಿಸಿಕೊಂಡ ಸೈನಿಕನೂ ಆತನ ಮನೆಯವರೂ ಒಂದೇ ಬೆಂಚಿನ ಎರಡು ತುದಿಗಳಲ್ಲಿ ಅರ್ಧ ಗಂಟೆ ಕುಳಿತು, ಏನೂ ಆಗಲಿಲ್ಲವೆಂದು ಖಚಿತಪಡಿಸಿ, ತಂತಮ್ಮ ಬಾಗಿಲಿನಿಂದ ಹೊರಹೋಗತಕ್ಕದ್ದೆಂದು ಆದೇಶವಿತ್ತು. ತಲೆ ಸುತ್ತಿದವರಿಗೆ ಮಾತ್ರ ಇನ್ನೂ ಅರ್ಧ ಗಂಟೆ. ಇಲಾಖೆ ಚಾಪೆಯ ಕೆಳಗೆ ತೂರಿದರೆ ಸಿಬ್ಬಂದಿ ರಂಗೋಲಿಯ ಕೆಳಗೆ ತೂರುತ್ತಾರೆಂಬುದು ಆಗ ಈ ಕಚೇರಿಯ ಗಮನಕ್ಕೆ ಬಂದಿರಲಿಲ್ಲ.

ಮೊದಲು ತಲೆ ಸುತ್ತಿದ್ದು ಲಾರಿ ಚಾಲಕನಿಗೆ. ಬೆಟ್ಟದ ರಸ್ತೆಯಲ್ಲಿ ಮದ್ದುಗುಂಡಿನ ಲಾರಿಯನ್ನು ಹಿಮ್ಮುಖವಾಗಿ ಓಡಿಸಿಯೂ ತಲೆ ಸುತ್ತದ ಆಸಾಮಿ ಈತ. ಗೇಟು ಮುಚ್ಚಿದ ಮೇಲೆ ಆತನಿಗೆ ಹೆಣ್ಣು ಮಗುವಾಗಿದ್ದು, ಅದನ್ನು ಆತ ಮೊದಲ ಸಲ ಕಂಡದ್ದು ಸದರಿ ಬೆಂಚಿನ ಮೇಲೆ, ತಾಯಿಯ ಮಡಿಲಲ್ಲಿ. ಏನೇನು ತಿರುಗುತ್ತಿದೆಯೆಂದು, ಇದಕ್ಕಾಗಿಯೇ ನೇಮಿಸಲಾದ ಮೂವರ ವಿಚಾರಣಾ ಮಂಡಳಿಯು ಬೆಂಚಿನ ಬಳಿಗೇ ಬಂದು ಪ್ರಶ್ನಿಸಲಾಗಿ, "ಶೆಡ್ಡು, ಬೆಂಚು, ನೀವು, ಎಲ್ಲಾ ತಿರುಗ್ತಿದೆ ಸಾರ್. ಮಗು ಒಂದೇ ಇದ್ದಲ್ಲೇ ಇರೋದು" ಎಂದು ಹೇಳಿಕೆ ನೀಡಿರುತ್ತಾನೆ.

ಮರುದಿನದಿಂದ ಇಡೀ ದಳಕ್ಕೆ ತಲೆಸುತ್ತು. ಅಡುಗೆಯವನಿಗೆ, ದರ್ಜಿಗೆ, ಕಹಳೆ ಊದುವವನಿಗೆ. ಮದುವೆಯೇ ಆಗದ, ಬೆಂಚಿನ ಆ ತುದಿಯಲ್ಲಿ ನರಪಿಳ್ಳೆಯೂ ಇಲ್ಲದ ಕ್ಷೌರಿಕನಿಗೂ ಸುತ್ತಿದ್ದು, ಕಾರಣ ಕೇಳಲಾಗಿ "ಮಕ್ಕಳ ಗಲಾಟೆ ಕೇಳಿ ಎಷ್ಟು ದಿನ ಆಗಿತ್ತು ಸಾರ್, ಇನ್ನೊಂಚೂರು ಕೂತ್ಕೋತೀನಿ" ಎಂದು ಬರೆದುಕೊಟ್ಟಿರುತ್ತಾನೆ. ಇದು ರೋಗವೋ ಶಿಸ್ತುಭಂಗವೋ ತೀರ್ಮಾನವಾಗುವವರೆಗೆ ಈ ಕೆಳಗಿನಂತೆ ನಡೆದುಕೊಳ್ಳಲು ಈ ಮೂಲಕ ಸೂಚಿಸಲಾಗಿದೆ:

1. ತಲೆಸುತ್ತು ಹುದ್ದೆಯ ಹಿರಿತನಕ್ಕೆ ಅನುಗುಣವಾಗಿ ಬರತಕ್ಕದ್ದು. ಮೇಲಧಿಕಾರಿಗೆ ಸುತ್ತುವ ಮುನ್ನ ಕೆಳಗಿನವರಿಗೆ ಸುತ್ತಿದಲ್ಲಿ ಅವಿಧೇಯತೆಯೆಂದು ಪರಿಗಣಿಸಲಾಗುವುದು. ಮೇಲಧಿಕಾರಿಗೆ ಸುತ್ತದೇ ಹೋದಲ್ಲಿ ಕೆಳಗಿನವರು ಒಂದು ಆಕಳಿಕೆಗೆ ಮಾತ್ರ ಅರ್ಹರು.

2. ತಲೆಯು ಕವಾಯತಿನ ಪದ್ಧತಿಯಂತೆ ಬಲಕ್ಕೇ ಸುತ್ತತಕ್ಕದ್ದು. ಎಡಕ್ಕೆ ಸುತ್ತಿದವರು ಎದ್ದು ನಿಂತು ಮೊದಲಿನಿಂದ ಸುತ್ತಿಸಿಕೊಳ್ಳತಕ್ಕದ್ದು.

3. ಗಂಡ ಹೆಂಡತಿಗೆ ಏಕಕಾಲಕ್ಕೆ ಸುತ್ತುವಂತಿಲ್ಲ. ಒಬ್ಬರಿಗೆ ಮುಗಿದ ಕೂಡಲೇ ಇನ್ನೊಬ್ಬರಿಗೆ ಶುರುವಾಗುವುದನ್ನೂ ನಿಷೇಧಿಸಲಾಗಿದೆ. ಅತ್ತೆಯವರು ಅವಲಂಬಿತರೆಂದು ನೋಂದಣಿಯಾಗಿದ್ದರೆ ಮಾತ್ರ ಅವರ ತಲೆಸುತ್ತು ಸರಕಾರದ್ದು, ಇಲ್ಲವಾದಲ್ಲಿ ಸ್ವಂತದ್ದು.

4. ಬಲತೋಳು ನೋಯುವವರು ಹುಬ್ಬು ಹಾರಿಸಿ ವಂದನೆ ಸಲ್ಲಿಸಬಹುದೆಂಬ ಹಿಂದಿನ ವಿನಾಯಿತಿಯನ್ನು, ಕರ್ನಲ್ ಅವರ ನಾದಿನಿಯವರ ಆಕ್ಷೇಪಣೆಯ ಮೇರೆಗೆ, ತಕ್ಷಣದಿಂದ ಹಿಂಪಡೆಯಲಾಗಿದೆ.

5. ಬೆಂಚಿನ ಮೇಲೆ ಲಸಿಕೆಯ ಅಡ್ಡಪರಿಣಾಮಗಳ ಹೊರತು ಬೇರೇನನ್ನೂ ಮಾತಾಡತಕ್ಕದ್ದಲ್ಲ. ಈ ನಿಯಮವನ್ನು ಮೌಖಿಕವಾಗಿ ಸಾರಿದಂದಿನಿಂದ ಅಡ್ಡಪರಿಣಾಮಗಳು ವಿಪರೀತ ಹೆಚ್ಚಿರುತ್ತವೆ: ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ, ಯಾರೋ ಬಾಗಿಲು ತಟ್ಟಿದಂತಾಗುತ್ತದೆ, ಇತ್ಯಾದಿ. ಚಾಲಕನ ಪತ್ನಿಯು "ಮನೆ ಬಿಕೋ ಅಂತಿದೆ ರೀ" ಎಂದದ್ದನ್ನು ದಾದಿಯವರು ಹಾಗೆಯೇ ಬರೆದುಕೊಂಡು ಔಷಧಾಲಯಕ್ಕೆ ಕಳುಹಿಸಿದ್ದು, "ದಾಸ್ತಾನಿಲ್ಲ" ಎಂಬ ಉತ್ತರ ಬಂದಿರುತ್ತದೆ.

6. ಬೆಂಚಿನ ಮಧ್ಯಭಾಗವು ಯಾರಿಗೂ ಸೇರಿದ್ದಲ್ಲ. ಸೈನಿಕರು ಕುಟುಂಬದ ತುದಿಗಾಗಲಿ, ಕುಟುಂಬದವರು ಸೈನಿಕರ ತುದಿಗಾಗಲಿ ಸರಿಯತಕ್ಕದ್ದಲ್ಲ. ಮಕ್ಕಳನ್ನು ಕೈಯಿಂದ ಕೈಗೆ ದಾಟಿಸತಕ್ಕದ್ದಲ್ಲ. ಚಾಲಕನು ಎರಡೂ ತೋಳು ಚಾಚಿದ್ದನ್ನು "ನೋವು ಇದೆಯಾ ಅಂತ ನೋಡ್ಕೋತಿದ್ದೆ" ಎಂದು ಸಮರ್ಥಿಸಿಕೊಂಡಿದ್ದು, ಮಂಡಳಿಯು ಅದನ್ನು ತಿರಸ್ಕರಿಸಿದೆ. ತಿರಸ್ಕರಿಸಿದ ಮೇಲೆ ಮಂಡಳಿಯ ಮೂವರೂ ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿರುತ್ತಾರೆ.

7. ಎರಡನೇ ಡೋಸ್ ಪಡೆದ ಮರುದಿನವೇ ಚಾಲಕನು ಗಡಿಠಾಣೆಗೆ ಹೊರಡತಕ್ಕದ್ದು. ಅಲ್ಲಿಂದ ಮರಳುವುದು ಯಾವಾಗ ಎಂದು ತಿಳಿಸುವ ಪದ್ಧತಿ ಇರುವುದಿಲ್ಲ. ಹೊರಡುವ ಮುನ್ನ ಮಗುವನ್ನು ಒಂದು ಸಲ ಎತ್ತಿಕೊಳ್ಳಲು ಅನುಮತಿ ಕೋರಿದ ಆತನ ಮನವಿಯನ್ನು, ಹಿಂದೆ ಯಾರೂ ಹಾಗೆ ಕೋರಿಲ್ಲವಾದ ಕಾರಣ, ವಜಾ ಮಾಡಲಾಗಿದೆ.

8. ಆದಾಗ್ಯೂ, ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಇಲಾಖೆಯ ಸ್ಥಾಯಿ ನೀತಿಯನ್ವಯ ನಿಯಮಗಳನ್ನು ಮರುಪರಿಶೀಲಿಸಲಾಗಿ, ಮಗುವು ಸೈನಿಕನಲ್ಲವೆಂದು ಕಂಡುಬಂದಿರುತ್ತದೆ. ಲಸಿಕೆಯ ವಯಸ್ಸಾಗಿಲ್ಲದ್ದರಿಂದ ಈ ನಿಯಮಗಳ ಅರ್ಥದಲ್ಲಿ ಕುಟುಂಬವೂ ಅಲ್ಲ. ಬೆಂಚಿನ ಮಧ್ಯಭಾಗವನ್ನು ಅದು ಸ್ವಂತ ಪ್ರಯತ್ನದಿಂದ ದಾಟಿದಲ್ಲಿ ತಡೆಯುವ ಅಧಿಕಾರ ಈ ಕಚೇರಿಗಿಲ್ಲ. ಆಚೆ ತುದಿ ತಲುಪಿ ಬೀಳುವಂತಾದರೆ, ಹತ್ತಿರವಿರುವ ಸೈನಿಕನು ಅದನ್ನು ಹಿಡಿದುಕೊಳ್ಳುವುದು ಕರ್ತವ್ಯವಾಗಿರುತ್ತದೆ. ಎಷ್ಟು ಹೊತ್ತು ಹಿಡಿದುಕೊಳ್ಳಬೇಕೆಂದು ನಿಯಮದಲ್ಲಿ ಹೇಳಿಲ್ಲ.

9. ಮಗುವು ಸದ್ಯ ಬೋರಲು ಬೀಳುತ್ತದೆ, ಅಂಬೆಗಾಲಿಡುವುದಿಲ್ಲ ಎಂದು ದಾದಿಯವರು ವರದಿ ಮಾಡಿರುತ್ತಾರೆ. ಆದ್ದರಿಂದ ಚಾಲಕನ ಎರಡನೇ ಡೋಸನ್ನು ವೈದ್ಯಕೀಯ ಕಾರಣಗಳಿಗಾಗಿ ಮುಂದೂಡಲಾಗಿದೆ. ಕಾರಣವೇನೆಂದು ಯಾರೂ ಕೇಳತಕ್ಕದ್ದಲ್ಲ.

ಸಹಿ/-
ಆಡಳಿತಾಧಿಕಾರಿ
(ತಲೆಸುತ್ತಿನ ನಿಮಿತ್ತ ಬೆಂಚಿನ ಮೇಲೆ ಕುಳಿತು ಸಹಿ ಮಾಡಲಾಗಿದೆ)

ಪ್ರತಿಗಳು:
1. ಔಷಧಾಲಯಕ್ಕೆ, ದಾಸ್ತಾನನ್ನು ಇನ್ನೊಮ್ಮೆ ಹುಡುಕಿ ನೋಡಲು.
2. ಕ್ಷೌರಿಕನಿಗೆ, ಎಚ್ಚರಿಕೆ ಹಾಗೂ ಮದುವೆಯಾಗುವ ಸಲಹೆಯೊಂದಿಗೆ.
3. ಬಡಗಿಗೆ, ಮೊಣಕಾಲಿಗೆ ಚಕ್ಕೆ ಚುಚ್ಚದಂತೆ ಬೆಂಚನ್ನು ಉಜ್ಜಿ ನುಣುಪು ಮಾಡಲು.
4. ಸದರಿ ಮಗುವಿಗೆ, ಆದಷ್ಟು ಶೀಘ್ರವಾಗಿ ಅಗತ್ಯ ಕ್ರಮ ಜರುಗಿಸಲು.