ಗಾಳಿ ಬಿಡಿಸುವ ಕಾಕಾ

ನಮ್ಮ ಕಾಕಾನ ಬಲಗಿವಿಯನ್ನು ಕಂಡವರು ಇಡೀ ಬೀದರ್ ಶಹರದಲ್ಲಿ ಒಬ್ಬರೂ ಇಲ್ಲ. ಸುಳ್ಳಲ್ಲ, ಬೇಕಾದರೆ ಕಾಕುವನ್ನೇ ಕೇಳಿ. ಕಟ್ಟಿಕೊಂಡ ಹೆಂಡತಿ! ಮದುವೆಯ ದಿನ ಅಕ್ಕಿಕಾಳು ಬೀಳುವಾಗ ಒಂದು ಗಳಿಗೆ ಕಂಡಂತಾಗಿತ್ತಂತೆ, ಆದರೆ ಬಾಸಿಂಗ ಅಡ್ಡ ಇದ್ದದ್ದರಿಂದ ಆಕೆಗೂ ಖಾತ್ರಿಯಿಲ್ಲ. ಉಳಿದವರಿಗೆಲ್ಲ ಕಾಣುವುದು ಕಂದು ಬಣ್ಣದ ಒಂದು ಉಣ್ಣೆಯ ಮಫ್ಲರ್ ಮಾತ್ರ. ಬೇಸಿಗೆಯಲ್ಲೂ? ಬೇಸಿಗೆಯಲ್ಲೂ!

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಮೂವತ್ತು ವರ್ಷ ಬೀದರಿನಿಂದ ಔರಾದಿಗೆ ಮುಂಜಾನೆಯ ಮೊದಲ ಬಸ್ಸು ಓಡಿಸಿದವನು. ಡ್ರೈವರ್ ಆದವನು ಕೈ ತೋರಿಸಬೇಕಲ್ಲ, ಬಲಗಡೆಯ ಕಿಟಕಿ ತೆರೆದೇ ಇರಬೇಕು. ಬೀದರ್ ಎಂದರೆ ಬರೀ ಬಿಸಿಲು ಎಂದುಕೊಂಡವರು ಪುಷ್ಯಮಾಸದಲ್ಲಿ ಒಮ್ಮೆ ಬಂದು ನೋಡಬೇಕು! ಕೊಬ್ಬರಿ ಎಣ್ಣೆಯನ್ನು ಚಮಚದಿಂದ ಕೆತ್ತಿ ತಲೆಗೆ ಹಚ್ಚಿಕೊಳ್ಳುವ ಊರು ಇದು. ಆ ಥಂಡಿ ಗಾಳಿ ಮೂವತ್ತು ವರ್ಷ ಒಂದೇ ಕಿವಿಗೆ ಬಡಿಯಿತು. ಈಗ ಬಲಗಡೆ ನಿಂತು ಏನು ಹೇಳಿದರೂ ಕಾಕಾ ಮೂರು ಸಲ "ಆಂ?" ಅನ್ನುತ್ತಾನೆ.

ನಿವೃತ್ತಿಯಾದದ್ದೇ ತಡ, ಗಾಳಿಯ ಮೇಲೆ ಸೇಡು ಶುರುವಾಯಿತು.

"ಮನಿ ತಾನಾಗೇ ತಣ್ಣಗ ಆಗೂದಿಲ್ಲ ಮಗಳ, ಕಾವು ಸೋರ್ತದ," ಅಂದ ನನಗೆ. "ಮಾಳಿಗಿ ಸೋರಿದ್ರ ತಗಡ ಹಾಕ್ತೀರಿ. ಕಾವು ಸೋರಿದ್ರ ಯಾಕ ಸುಮ್ನ ಕುಂದರ್ತೀರಿ?"

ಮಧ್ಯಾಹ್ನ ಬಿಸಿಲಿನ ಕಡೆಯ ಕಿಟಕಿಗಳನ್ನೆಲ್ಲ ತೆರೆದು, "ಒಳಗ ಬರ್ರಿ, ಒಳಗ ಬರ್ರಿ, ಜಾಗ ಭಾಳ ಅದ!" ಎಂದು ಬಿಸಿಲನ್ನು ಕರೆಯುವನು. ನಾಲ್ಕು ಗಂಟೆಗೆ ಪಟಪಟನೆ ಮುಚ್ಚಿ "ರೈಟ್!" ಅನ್ನುವನು. ಕಿಟಕಿಗೊಂದು ಕೌದಿ, ಅದರ ಸಂದಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು. ಮಾಳಿಗೆಯ ಮೇಲಿನ ನೀರಿನ ಕೊಳವೆಗೂ ಕೌದಿಯ ಅಂಗಿ! ಬಟ್ಟೆ ಒಣಹಾಕಲು ಹೋದ ಕಾಕು ಅದನ್ನು ಹಾವೆಂದು ತಿಳಿದು ಓಣಿಗೆಲ್ಲ ಕೇಳುವಂತೆ ಕೂಗಿದ್ದಳು.

ಇದೆಲ್ಲ ಬರೀ ಹುಚ್ಚಾಗಿ ಉಳಿಯುತ್ತಿತ್ತೇನೋ. ಆದರೆ ಹೋದ ವರ್ಷ ನಾನು ಬಸುರಿಯಾದೆ. ನನ್ನನ್ನು ಕೊಟ್ಟಿದ್ದು ಭಾಲ್ಕಿಗೆ. ಅಪ್ಪ ಅವ್ವ ಇಬ್ಬರೂ ಹೋದ ಮೇಲೆ ನನಗೆ ತವರು ಎಂದರೆ ಕಾಕಾನ ಮನೆಯೊಂದೇ. ಚೊಚ್ಚಲ ಬಾಣಂತನ ಅಲ್ಲಿಯೇ ಆಗಬೇಕೆಂದು ನನ್ನ ಜೀವ ಹಂಬಲಿಸುತ್ತಿತ್ತು, ಬೀದರಿಗೆ ಬಂದೆ. ಡಾಕ್ಟರು "ಜನವರಿಯಲ್ಲಿ ಹೆರಿಗೆ, ಕೂಸನ್ನು ಬೆಚ್ಚಗೆ ಇಡಬೇಕು" ಅಂದರು. ಎಡಗಿವಿಯಿಂದ ಅದನ್ನು ಕೇಳಿದ ಕಾಕಾ ಕೂತಲ್ಲಿಂದ ದಡಕ್ಕನೆ ಎದ್ದು ನಿಂತ.

ಮರುದಿನದಿಂದ ಕಾಕಾನ ಕೈಯಲ್ಲಿ ಊದಿನಕಡ್ಡಿ! ಕಿಟಕಿ, ಬಾಗಿಲು, ಗೋಡೆಯ ಬಿರುಕು, ಒಂದನ್ನೂ ಬಿಡದೆ ಹಿಡಿದು ನಿಲ್ಲುವನು. ಹೊಗೆ ಅಲ್ಲಾಡಿದರೆ ಅಲ್ಲಿ ಗಾಳಿ ನುಸುಳುತ್ತದೆ ಎಂದು ಅರ್ಥ. ಆದರೆ ಕಾಕುವಿಗೆ ಅದೆಲ್ಲಿ ಗೊತ್ತು? ಜೀವಮಾನದಲ್ಲಿ ವಿಭೂತಿಯನ್ನೂ ಓಡುತ್ತೋಡುತ್ತ ಹಚ್ಚಿಕೊಂಡ ಗಂಡ! "ಬಸವಣ್ಣ ಕಣ್ಣ ತೆರೆಸಿದ ನೋಡ್ರಿ," ಎಂದು ಕಣ್ಣೊರೆಸಿಕೊಂಡಳು. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಕೇಳಿದಳು: "ಏನ್ರಿ ಅಣ್ಣೋರ, ಮೂಲಿಮೂಲಿಗೆ ಊದಿನಕಡ್ಡಿ?"

"ಮನ್ಯಾಗ ಗಾಳಿ ಅದರೀ!" ಕಾಕಾ ಇಡೀ ಓಣಿಗೆ ಕೇಳಿಸುವಂತೆ ಕೂಗಿದ. "ದಿನಾ ಹುಡುಕ್ಲತ್ತೇನಿ, ಕೈಗೇ ಸಿಗವಲ್ದು!"

ನಮ್ಮ ಕಡೆ ಗಾಳಿ ಬೀಸುವುದೂ ಹೌದು, ಹಿಡಿಯುವುದೂ ಹೌದು. ಓಣಿಯವರು ಎರಡನೆಯದನ್ನೇ ಆರಿಸಿಕೊಂಡರು. ಸುದ್ದಿ ಮಧ್ಯಾಹ್ನದ ಬಸ್ಸು ಹತ್ತಿ ಭಾಲ್ಕಿಗೆ ಹೋಯಿತು. ಮರುದಿನದ ಬಸ್ಸಿಗೆ ನಮ್ಮ ಅತ್ತೆಯವರು ಬಂದಿಳಿದರು. ಕೈಯಲ್ಲಿ ಖಟಕ ಚಿಂಚೋಳಿಯಲ್ಲಿ ಮಂತ್ರಿಸಿ ತಂದ ನಿಂಬೆಹಣ್ಣು!

"ಬೀಗರ, ಗಾಳಿ ಯಾವಾಗಿಂದ ಅದ?"

"ಮನಿ ಕಟ್ಟಿದಾಗಿಂದ ಅದರಿ," ಎಂದ ಕಾಕಾ. ಕೊನೆಗೂ ಕೇಳುವವರೊಬ್ಬರು ಸಿಕ್ಕರಲ್ಲ ಎಂಬ ಖುಷಿ ಅವನಿಗೆ!

"ಎಲ್ಲಿಂದ ಬರ್ತದ?"

"ಒಂದು ಖಿಡಕಿಲಿಂದ, ಇನ್ನೊಂದು ಬಾಗಲ ಸಂದಿಲಿಂದ. ಬೆಳಗಿನ ಜಾವ ಭಾಳ ಜೋರ್."

"ಎಪ್ಪಾ, ಎರಡ್ ಅವಾ! ಯಾರಿಗರೆ ಹಿಡದದೇನು?"

"ನನಗೇ ಹಿಡದದಲ್ರಿ! ಇಲ್ಲಿ, ಈ ಕಿವ್ಯಾಗ ಹೊಕ್ಕು ಕುಂತು ಮೂವತ್ತು ವರ್ಷಾತು."

ಅತ್ತೆಯವರು ಎರಡು ಹೆಜ್ಜೆ ಹಿಂದೆ ಸರಿದರು. "ಮತ್ತ… ಏನ್ ಕೇಳ್ತದ?"

"ಈ ಕಿವಿಗೇನ್ರಿ? ಏನೂ ಕೇಳಲ್ಲ!"

"ಹ್ಯಾಂಗ ಬಿಡಸ್ತೀರಿ ಅದನ್ನ?"

"ಹಳೀ ಸೈಕಲ್ ಟ್ಯೂಬಿಲಿಂದ!"

ಅತ್ತೆಯವರ ಕೈಯಿಂದ ನಿಂಬೆಹಣ್ಣು ಜಾರಿತು. ಉರುಳುತ್ತ ಹೋಗಿ, ನನ್ನ ಬಾಣಂತನಕ್ಕೆಂದು ಸಜ್ಜು ಮಾಡಿದ್ದ ಕೋಣೆಯ ಹೊಸ್ತಿಲಲ್ಲಿ ನಿಂತಿತು. ಕಾಕುವಿಗೆ ನಗು ತಡೆಯಲಾಗಲಿಲ್ಲ. "ಅಯ್ಯ ಅಕ್ಕೋರ, ಬೀಸೋ ಗಾಳಿರಿ, ಹಿಡಿಯೋ ಗಾಳಿ ಅಲ್ಲ!" ಅಂದಳು. ನಾನಂತೂ ಹೊಟ್ಟೆ ಹಿಡಿದುಕೊಂಡು ಕೂತೆ, ಕೂಸು ಆವತ್ತೇ ಹುಟ್ಟಿಬಿಡುತ್ತದೇನೋ ಎಂಬಷ್ಟು ನಗು.

ಅತ್ತೆಯವರು ಸೋಲುವ ಪೈಕಿಯವರಲ್ಲ. "ಯಾವ ಗಾಳಿ ಆದ್ರೇನು? ಕೂಸಿಗಿ ಎರಡೂ ಕೆಟ್ಟವ," ಅಂದರು. ನಿಂಬೆಹಣ್ಣು ನಿಂತ ಹೊಸ್ತಿಲಿಗೇ ಬಗ್ಗಿ ಕೈಯಿಟ್ಟರು. ಜನ ತುಳಿದು ತುಳಿದು ಕಲ್ಲು ನಡುವೆ ಬಟ್ಟಲಿನಂತೆ ಸವೆದಿತ್ತು. ಅಲ್ಲಿಂದ ಗಾಳಿ ಸುಂಯ್ ಎಂದು ಬರುತ್ತಿತ್ತು. "ಕೂಸು ಮನಿಗಿ ಬಂದ ದಿನ ನಾನೇ ಊದಿನಕಡ್ಡಿ ಹಿಡಿತೇನಿ. ಹೊಗಿ ಅಲ್ಲಾಡ್ತು ಅಂದ್ರ, ಸೊಸಿ ಕೂಸು ಇಬ್ಬರೂ ಸೀದಾ ಭಾಲ್ಕಿಗೆ."

ನನ್ನ ನಗು ಅಲ್ಲಿಗೇ ನಿಂತಿತು. ಅತ್ತೆಯವರು ಕೆಟ್ಟವರಲ್ಲ, ಭಾಲ್ಕಿಯೂ ದೂರವಲ್ಲ. ಆದರೆ ಅವ್ವನಿಲ್ಲದವಳಿಗೆ ಉಳಿದಿದ್ದ ತವರು ಇದೊಂದೇ ಆಗಿತ್ತು.

ಆವತ್ತಿನಿಂದ ಕಾಕಾನಿಗೆ ಊಟ ನಿದ್ದೆ ಇಲ್ಲ. ಒಲೆಯ ಹಿಂದಿನ ಗೋಡೆಗೆ ಕೈಯಿಟ್ಟು, ಎಲ್ಲಿ ಬೆಚ್ಚಗಿದೆಯೋ ಅಲ್ಲಿಗೇ ನನ್ನ ಮಂಚ ಎಳೆದ. ಮಂಚದ ಕೆಳಗೆ ಅಗ್ಗಿಷ್ಟಿಗೆ ಇಡೋಣವೆಂದ ಕಾಕುವಿಗೆ, "ಮುಚ್ಚಿದ ಖೋಲ್ಯಾಗ ಕೆಂಡ ಇಟ್ರ ಜೀವಕ್ಕ ಅಪಾಯ ಅದ," ಎಂದು ಗದರಿದ. ಹೊಸ್ತಿಲಿಗೆ ಮಾತ್ರ ಏನು ಮಾಡಿದರೂ ಆಗಲೊಲ್ಲದು. ಗೋಣಿಚೀಲ ಇಟ್ಟರೆ ಬೆಕ್ಕು ಅದರ ಮೇಲೆ ಮಲಗಿ ಬಾಗಿಲು ತೆರೆಯಗೊಡಲಿಲ್ಲ. ಬಾಗಿಲಿನ ಅಡಿಗೆ ಸೈಕಲ್ ಟ್ಯೂಬು ಬಡಿದರೆ, ತೆರೆದಾಗಲೆಲ್ಲ ಬಾಗಿಲು ಎಮ್ಮೆಯಂತೆ ಒದರಿತು.

ಈ ಗಡಿಬಿಡಿಯ ನಡುವೆಯೇ ಎಕಂಬಾ ಹಳ್ಳಿಯಿಂದ ಒಬ್ಬ ಯಜಮಾನ ಹುಡುಕಿಕೊಂಡು ಬಂದ. "ಗಾಳಿ ಬಿಡಸೋರು ನೀವೇನ್ರಿ? ನಮ್ಮ ಮನ್ಯಾಗ ಸಂಜಿ ಆತಂದ್ರ ಒಂದು ಹೆಣ್ಣು ಅಳ್ತದರಿ!" ಕಾಕಾ ಇಲ್ಲ ಅನ್ನುವವನೇ? ಟ್ಯೂಬಿನ ತುಂಡು ಜೇಬಿಗೆ ಹಾಕಿಕೊಂಡು ಹೊರಟೇಬಿಟ್ಟ. ಅಟ್ಟದ ಮೇಲಿನ ಸಡಿಲ ತಗಡು ಸಿಕ್ಕಿತು, ಬಿಗಿದ, ಹೆಣ್ಣಿನ ಅಳು ನಿಂತಿತು! ಅವರು ಸಂತೋಷಕ್ಕೆ ಒಂದು ಗಂಟು ಕಡಲೆ ಕೊಟ್ಟು ಕಾಲಿಗೆ ಬಿದ್ದರಂತೆ. "ತಗಡ ಅಂತ ಹೇಳಿದ್ರಿಲ್ಲೋ?" ಎಂದು ಕಾಕು ಕೇಳಿದರೆ, "ಹೇಳಿದೆ. ಅದು ತಗಡಿನ್ಯಾಗ ಕುಂತಿತ್ತು ಅಂದ್ಕೊಂಡ್ರು," ಅಂದ.

ಮಗಳು ಹುಟ್ಟಿದಳು. ಆಸ್ಪತ್ರೆಯಿಂದ ಮನೆಗೆ ಬಂದ ಮುಂಜಾನೆ ಹಲ್ಲು ಕಟಕಟ ಅನ್ನುವ ಥಂಡಿ. ಮಂಚದಲ್ಲಿ ನಾನು, ಮಡಿಲಲ್ಲಿ ಕೂಸು. ಅತ್ತೆಯವರು ಮಾತಿಗೆ ತಪ್ಪದೆ ಊದಿನಕಡ್ಡಿ ಹಚ್ಚಿ ಹೊರಟರು. ಒಂದು ಕಿಟಕಿ: ಹೊಗೆ ನೆಟ್ಟಗೆ. ಇನ್ನೊಂದು ಕಿಟಕಿ: ನೆಟ್ಟಗೆ. ಹೊಸ್ತಿಲು: ಹೊಗೆ ಬಳುಕಿ ಬಾಗಿ, ಸೀದಾ ಕೂಸಿನ ಕಡೆ ತಿರುಗಿತು.

ಅತ್ತೆಯವರು ನನ್ನ ಬಟ್ಟೆಯ ಚೀಲ ನೋಡಿದರು. ನಾನು ಕಾಕಾನನ್ನು ನೋಡಿದೆ.

ಕಾಕಾ ಕೈಯೆತ್ತಿ ನೆತ್ತಿಯ ಮೇಲಿನ ಗಂಟು ಬಿಚ್ಚಿದ. ಮಫ್ಲರನ್ನು ಮೂರು ಮಡಿಕೆ ಮಾಡಿ, ಮೊಣಕಾಲೂರಿ ಕೂತು, ಹೊಸ್ತಿಲಿನ ಸವೆದ ಬಟ್ಟಲಿಗೆ ಒತ್ತಿದ. ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಹೊಗೆ ಒಮ್ಮೆ ನಡುಗಿ ನೆಟ್ಟಗೆ ನಿಂತಿತು.

ಅತ್ತೆಯವರು ಊದಿನಕಡ್ಡಿ ನಂದಿಸಿ, ನನ್ನ ಚೀಲವನ್ನು ತಾವೇ ಮಂಚದ ಕೆಳಗೆ ಸರಿಸಿದರು. ಆದರೆ ನಾವೆಲ್ಲ ನೋಡುತ್ತಿದ್ದುದು ಆ ಕಿವಿಯನ್ನು. ಬಿಸಿಲು ಕಾಣದ ಕಿವಿ, ನನ್ನ ಮಡಿಲ ಕೂಸಿನ ಕಿವಿಯಷ್ಟೇ ಮೆತ್ತಗೆ ಕಾಣುತ್ತಿತ್ತು. "ಹೌದು, ಇದೇ ಕಿವಿ," ಎಂದಳು ಕಾಕು ಮೆಲ್ಲಗೆ.

"ಕಾಕಾ, ಕಿವಿಗೆ ಥಂಡಿ ಹತ್ತತದ, ಮಫ್ಲರ್ ತಗೋರಿ," ಅಂದೆ. ಮರೆತು ಬಲಗಡೆಯಿಂದಲೇ ಅಂದೆ. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವನಿಗೆ ಒಂದೇ ಸಲಕ್ಕೆ ಕೇಳಿಸಿತು.

"ಇರಲಿ ಬಿಡ ಮಗಳ," ಅಂದ ಕಾಕಾ, ಹೊಸ್ತಿಲ ಹತ್ತಿರವೇ ಕೂತು, ಅಂಗೈಯಿಂದ ಕಿವಿ ಮುಚ್ಚಿಕೊಂಡು. "ನಿಮ್ಮಪ್ಪ ಇದ್ದಿದ್ರ, ಮೈಮ್ಯಾಗಿನ ಅಂಗೀನೇ ಬಿಚ್ಚಿ ತುರಕತಿದ್ದ."